ಮುಳ್ಳು ತೆಗೆದ ಮನೆ

ಮೇ 12, ಸೋಮವಾರ

ಗೋಡೆ ಗುಡಿಸಿ, ನೆಲ ತೊಳೆದು ಸೊಂಟ ಬಿದ್ದುಹೋಗಿದೆ. ಇವತ್ತು ಬಾಗಿಲ ಮುಳ್ಳು ತೆಗೆದೆವು. ನಮ್ಮ ಯಜಮಾನರು ತೀರಿಕೊಂಡ ನಕ್ಷತ್ರ ಸರಿಯಿಲ್ಲ, ಮೂರು ತಿಂಗಳು ಮನೆ ಬಿಡಿ ಅಂದಿದ್ದರು ಶಾಸ್ತ್ರದವರು. ಬಾಗಿಲಿಗೆ ಬೀಗ, ಅದರ ಮೇಲೆ ಜಾಲಿಮುಳ್ಳು. ಅಷ್ಟು ದಿನ ಮೇಲಿನ ಬೀದಿಯ ತಮ್ಮ ಮಾದಣ್ಣನ ಮನೆಯಲ್ಲಿದ್ದೆ.

ಹಾಲು ಉಕ್ಕಿಸಿ ಸ್ವಿಚ್ ಒತ್ತಿದರೆ ದೀಪವಿಲ್ಲ. ನಮ್ಮೂರು ಭೀಮನಬೀಡಿಗೆಲ್ಲ ಕರೆಂಟಿದೆ. ಕಂಬದಿಂದ ನಮ್ಮ ಮನೆಗೆ ಬರುವ ವಯರೇ ಇಲ್ಲ — ಕಿತ್ತಿದ್ದಾರೆ. ಬಿಲ್ಲು ಕಟ್ಟಿಲ್ಲ, ನಿಜ. ಕೀಳುವ ಮುಂಚೆ ಒಂದು ಮಾತು ಹೇಳಬೇಡವೇ?

ಭಾಗ್ಯ ಹೆರಿಗೆಗೆ ಬರಬೇಕು. ಒಂಬತ್ತು ತುಂಬುತ್ತಿದೆ ಮಗಳಿಗೆ.

ಮೇ 13, ಮಂಗಳವಾರ

ಗುಂಡ್ಲುಪೇಟೆಗೆ ಹೋಗಿ ಬಾಕಿ ಕಟ್ಟಿದೆ. ಲೈನ್‌ಮನ್ ರಂಗಸ್ವಾಮಿಯನ್ನು ಹುಡುಕಿದೆ. ಹೊಸಬ, ಯುಗಾದಿ ಆದಮೇಲೆ ಬಂದವನು. ಫೋನಿನಿಂದ ತಲೆ ಎತ್ತಲಿಲ್ಲ.

“ಯಾಕಪ್ಪ, ಹೇಳ್ದೆ ಕೇಳ್ದೆ ವಯರ್ ಕಿತ್ಬುಟ್ಟೆ?”

“ನೋಟಿಸ್ ಕೊಟ್ಟೇ ಕಿತ್ತಿದ್ದು ಕಣಮ್ಮ. ನಿಮ್ಮ ಯಜಮಾನ್ರು ಪುಟ್ಟಮಾದು ಅವ್ರ ಕೈಗೇ ಕೊಟ್ಟಿವ್ನಿ.”

ಇನ್ನೂ ಹತ್ತಿರ ಹೋಗಿ ನಿಂತೆ.

“ಯಾವಾಗ?”

“ಓದ ತಿಂಗ್ಳು. ಗಂಡ ಎಂಡ್ರು ಮಾತಾಡ್ಕಳಲ್ವ? ಓಗು, ಅವ್ರ್ನೇ ಕಳ್ಸು. ಮೀಟ್ರು ಅವ್ರ ಎಸ್ರಲ್ಲದೆ. ಎಂಗಸ್ರತ್ರ ನಂಗೇನ್ ಮಾತು?”

ಕಳಿಸುತ್ತೇನೆ ಮಗನೇ. ಕಳಿಸುತ್ತೇನೆ.

ಅದೇ ದಿನ, ಸಂಜೆ

ಪಕ್ಕದ ಮನೆಯ ಮೃತ್ಯುಂಜಯ, ವಕೀಲರೊಬ್ಬರ ಹತ್ತಿರ ಗುಮಾಸ್ತ. ಕೇಳಿದೆ. ಬಾಕಿ ಇದ್ದರೂ ಬರಹದಲ್ಲಿ ನೋಟಿಸ್ ಕೊಡಬೇಕಂತೆ, ಪೂರಾ ಹದಿನೈದು ದಿನ ಕಾಯಬೇಕಂತೆ. ಆಮೇಲೇ ಕೀಳುವುದು.

“ಸತ್ತೋರ ಕೈಗೆ ಕೊಟ್ಟೆ ಅಂದ್ನಾ! ನಾಳೀಕೇ ಕರೆಂಟಾಫೀಸ್ ಸಾಹೇಬ್ರಿಗೆ ಏಳ್ಬುಡನ ನಡಿ ಪುಟ್ಟಸಿದ್ದಕ್ಕ, ಲೈಟ್ ಬತ್ತದೆ.”

“ಬ್ಯಾಡ. ಬರೋ ಮಂಗಳವಾರ ಗ್ರಾಹಕರ ಸಭೆ ಅದಂತಲ್ಲ? ಅಲ್ಲೂ ಅವ್ನು ಅದ್ನೇ ಏಳ್ಲಿ. ಅಷ್ಟ್ ಜನ್ದ ಮುಂದೆ.”

“ಅಲ್ಲೀಗಂಟ ಕತ್ಲೇಲಾ?”

“ಕತ್ಲೇಲೇ.”

ಮೇ 14

ಉಮ್ಮತ್ತೂರಿನಿಂದ ಭಾಗ್ಯಳ ಫೋನು.

“ಕತ್ಲೆ ಮನೆಗೆ ಕಳ್ಸಲ್ಲ, ಬಾಣಂತನ ಇಲ್ಲೇ ಆಗ್ಲಿ ಅಂತಾವ್ರೆ ಅತ್ತೆ. ಅಪ್ಪ ಇಲ್ಲ ಅಂತ ಆ ಲೈನ್‌ಮನ್‌ಗೆ ಏಳ್ಬುಡವ್ವ, ಮುಗ್ದೋಯ್ತದೆ.”

“ಒಂದ್ವಾರ ತಡ್ಕೊ ಮಗ.”

“ನಾನ್ ತಡ್ಕತೀನಿ. ನನ್ನೊಟ್ಟೆಗ್ ಯಾರ್ ಏಳಾರು?”

ನಗು ಬಂತು. ಆಮೇಲೆ ಬರಲಿಲ್ಲ.

ಮೇ 17, ಶನಿವಾರ

ಮೇಣದಬತ್ತಿ. ಸೊಳ್ಳೆ. ಭಾಗ್ಯಳಿಗೆ ನೋವು ಬಂದು ನಿಂತಿತಂತೆ... ಸುಳ್ಳು ನೋವು ಅಂದರಂತೆ ಡಾಕ್ಟರು. ಹೋಗಿ ಹೇಳಿಬಿಡಲೇ ಅಂತ ಚಪ್ಪಲಿ ಮೆಟ್ಟಿದೆ. ‘ಗಂಡ ಎಂಡ್ರು ಮಾತಾಡ್ಕಳಲ್ವ’ — ನೆನಪಾಯಿತು. ಬಿಟ್ಟೆ.

ಮೇ 20, ಮಂಗಳವಾರ

ಸಭೆ ತುಂಬಿತ್ತು. ಎದ್ದು ಹೇಳಿದೆ. ಸಾಹೇಬರು ರಂಗಸ್ವಾಮಿಯನ್ನು ಕರೆದು ಕೇಳಿದರು.

“ಕೊಟ್ಟಿವ್ನಿ ಸಾ. ಯಜಮಾನ್ರ ಕೈಗೇ.”

“ಇನ್ನೊಂದ್ ಸತಿ ಹೇಳಪ್ಪ,” ಅಂದೆ. “ಹಿಂದೆ ಕೂತೋರ್ಗೆ ಕೇಳಿಸ್ಲಿಲ್ಲ.”

“ಯಜಮಾನ್ರ ಕೈಗೇ ಕೊಟ್ಟೆ! ಜಗ್ಲಿ ಮೇಲೆ ಬೀಡಿ ಸೇದ್ತಾ ಕೂತಿದ್ರು.”

“ಏನಂದ್ರು?”

“ಕಟ್ತೀನಿ ಓಗಪ್ಪ ಅಂದ್ರು.”

“ನಂಗೇನಾದ್ರೂ ಏಳ್ ಕಳ್ಸುದ್ರಾ? ಶಿವರಾತ್ರಿಗೂ ಮುಂಚೆ ಮಣ್ಣಿಗಿಟ್ಟೊ ಕಣಪ್ಪ. ಮೊನ್ನೆಗಂಟ ಆ ಬಾಗ್ಲಿಗೆ ಮುಳ್ಳಿತ್ತು.”

ನಮ್ಮೂರಿನವರು ಹೋ ಅಂದರು. ಯಾರೋ ಹಿಂದಿನಿಂದ, “ಬೀಡಿ ನೀನೇ ಅಚ್ಚಿ ಕೊಟ್ಟಾ ರಂಗಸ್ವಾಮಿ?” ಸಾಹೇಬರು ನಗಲಿಲ್ಲ. ಇವತ್ತೇ ಲೈನ್ ಕೊಡು, ಉತ್ತರ ಬರೆದುಕೊಡು, ನಿನ್ನ ಮೇಲೆ ವಿಚಾರಣೆ ಆಗುತ್ತದೆ ಅಂದರು. ಅವನ ಕಿವಿ ಕೆಂಪಾಯಿತು. ಚೆನ್ನಾಗಿ ನೋಡಿಕೊಂಡೆ.

ಅದೇ ದಿನ, ಸಂಜೆ

ಅವನೇ ಬಂದು ಕಂಬ ಹತ್ತಿದ. ದೀಪ ಬಂತು. ಇಳಿದವನು ಬಾಗಿಲಲ್ಲಿ ನಿಂತ.

“ತಪ್ಪಾಯ್ತು ಅವ್ವ.”

“ನಂಗ್ಯಾಕೆ ಏಳ್ತೀಯ? ಎಂಗಸ್ರತ್ರ ಏನ್ ಮಾತು?” ಗೋಡೆಯ ಫೋಟೋ ತೋರಿಸಿದೆ. “ಅವ್ರಿಗೇಳು. ಗುರ್ತು ಸಿಕ್ತದಲ್ಲ?”

ಫೋಟೋ ಮುಂದೆ ನಿಂತ. ಹೋಗು ಅನ್ನಲಿಲ್ಲ ನಾನು. ಅಕ್ಕಿ ಆರಿಸುತ್ತಾ ಕೂತೆ. ನಿಂತೇ ಇದ್ದ.

ಮೇ 23, ಶುಕ್ರವಾರ

ಭಾಗ್ಯ ಬಂದಳು! ಫ್ಯಾನಿನ ಕೆಳಗೆ ಮಲಗಿದ್ದಾಳೆ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು. ಅವಳ ಅತ್ತೆಯೇ ಬಿಟ್ಟು ಹೋದರು, ಸ್ವಿಚ್ ಹಾಕಿ ನೋಡಿಯೇ ಹೋದರು.

ರಂಗಸ್ವಾಮಿ ಬೆಳಿಗ್ಗೆಯಿಂದ ಜಗಲಿಯಲ್ಲಿ ಕೂತಿದ್ದಾನೆ. ದೂರು ವಾಪಸ್ ತಗೊಂಡಿದ್ದೇನೆ ಅಂತ ನಾನು ಬರೆದುಕೊಡಬೇಕಂತೆ. ಇಲ್ಲದಿದ್ದರೆ ಸಸ್ಪೆಂಡ್ ಮಾಡುತ್ತಾರಂತೆ.

“ಓಗ್ಲಿ ಬುಡವ್ವ, ಲೈಟ್ ಬಂತಲ್ಲ,” ಅಂದಳು ಭಾಗ್ಯ.

“ನೀ ಸುಮ್ನೆ ಮನಿಕ.”

ಉಪ್ಪಿಟ್ಟು ಕೊಟ್ಟೆ ಅವನಿಗೆ. ಹಸಿದವನು, ಎರಡು ಸಲ ಹಾಕಿಸಿಕೊಂಡ. ಕಾಫಿಗೆ ಸಕ್ಕರೆ ಜಾಸ್ತಿಯೇ ಹಾಕಿದೆ. ಬಿಸಿಲು ಬಂತು, ಒಳಗೆ ಬಾ ಅಂದೆ. ಕೂತುಕೊಳ್ಳಲಿ, ಊಟವನ್ನೂ ಮಾಡಲಿ. ಕಾಗದ ಕೇಳಿದರೆ ಮಾತ್ರ, ಯಜಮಾನ್ರು ಬರಲಿ, ಸೈನು ಅವರೇ ಹಾಕಬೇಕು ಅನ್ನುತ್ತೇನೆ.