ಕ್ಲೀಟಸ್‌ನ ಹಕ್ಕಿಗಳು ನನ್ನ ಕಂಬಕ್ಕೆ ಬಂದ ಬಗೆ

ಟೆನ್ ಎಲ್ಮ್ಸ್, ಇಲಿನಾಯ್
ಮೇ ೧೯

ಪ್ರೀತಿಯ ಕ್ಲೀಟಸ್,

ಅರಿಜೋನಾದ ಒಣಗಾಳಿ ನಿನ್ನ ಹೆಂಡತಿ ಮೇವಿಸ್‌ಳ ಎದೆಗೆ ಒಗ್ಗಿದೆ, ಈಗ ಮೆಟ್ಟಿಲು ಹತ್ತಿದರೂ ಉಬ್ಬಸ ಬರುವುದಿಲ್ಲ ಎಂದು ಓದಿ ನನ್ನವಳು ವಿಲ್ಮಾಗೆ ಎಷ್ಟು ಸಮಾಧಾನವಾಯಿತೆಂದರೆ ನಿನ್ನ ಪತ್ರವನ್ನು ಅಡುಗೆಮನೆಯ ಗೋಡೆಗೇ ಅಂಟಿಸಿದ್ದಾಳೆ. ಊರು ಬಿಟ್ಟು ಹೋದ ಈ ಒಂದು ವರ್ಷದಲ್ಲಿ ನೀನು ಮೂರು ಪತ್ರ ಬರೆದೆ, ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ನನಗೆ ಕೈನೋವು ಎಂದು ವಿಲ್ಮಾ ಫೋನಿನಲ್ಲಿ ಹೇಳಿದಳಂತೆ. ನನ್ನ ಕೈಗೆ ಏನೂ ಆಗಿಲ್ಲ. ಕ್ಷಮಿಸು.

ಕೊನೆಯ ಪತ್ರದಲ್ಲಿ ನೀನು ಕುಣಿದಾಡಿದ್ದೀಯ. "ಹನ್ನೆರಡು ಜೋಡಿಯಂತಲ್ಲೋ ಹಾರ್ಲನ್! ಇಪ್ಪತ್ತೆರಡು ವರ್ಷಕ್ಕೆ ಕೊನೆಗೂ ಮಾರ್ಟಿನ್ ಹಕ್ಕಿಗಳು ನಿನ್ನ ಮುಖ ನೋಡಿದ್ವಲ್ಲ! ಅದೇನು ಮಾಡ್ದೆ, ಒಂದೂ ಬಿಡದೆ ಬರಿ" ಎಂದು ಕೇಳಿದ್ದೀಯ. ಅದಕ್ಕೇ ಬರೆಯುತ್ತಿದ್ದೇನೆ. ಮೇವಿಸ್‌ಗೆ ಓದಿ ಹೇಳುವ ಮುಂಚೆ ನೀನೊಬ್ಬನೇ ಒಮ್ಮೆ ಓದಿಕೋ.

ನಿನ್ನ ಹಿತ್ತಲಿನ ಹಕ್ಕಿಗೂಡಿನ ಕಂಬ ಈಗ ಇಲ್ಲ, ಕ್ಲೀಟಸ್. ನಾಲ್ಕು ಬಿಳಿ ಗೂಡುಮನೆಗಳೂ ಇಲ್ಲ, ನೀನೇ ಬೆಳೆದು ಒಣಗಿಸಿ ತೂತು ಕೊರೆದ ಸೋರೆಬುರುಡೆಗಳೂ ಇಲ್ಲ. ಹೋದ ವರ್ಷ ಜೂನ್ ಹನ್ನೆರಡಕ್ಕೇ ಎಲ್ಲ ಮುಗಿಯಿತು. "ಮೇವಿಸ್‌ಗೆ ಉಸಿರಾಡೋದೇ ಕಷ್ಟ, ಇದನ್ನ ಬೇರೆ ಯಾಕೆ ಹೇಳ್ಬೇಕು" ಎಂದು ವಿಲ್ಮಾ ಊರಿನ ಎಲ್ಲರ ಬಾಯಿ ಕಟ್ಟಿದ್ದಳು.

ನಮ್ಮ ಬೇಲಿಯಾಚೆಯ ನಿನ್ನ ಮನೆ ಕೊಂಡ ಬ್ರೆಂಟ್ ನಿನಗೆ ನೆನಪಿರಬೇಕು. ಚಿಕಾಗೊ ಕಡೆಯಿಂದ ಬಂದವನು, ಬಿಳಿ ಹಲ್ಲು, ಮಾತಿಗೊಮ್ಮೆ ಸಾರ್ ಅನ್ನುವವನು. ಮೇ ತಿಂಗಳಲ್ಲಿ ಅವನು ನಿನ್ನ ಟೊಮೇಟೊ ಪಾತಿಯ ಮೇಲೆ ಒಂದು ಪ್ಲಾಸ್ಟಿಕ್ ಈಜುಕೊಳ ತಂದು ಇಟ್ಟ. ಕಂಬದ ನೇರ ಕೆಳಗೆ! ನಲವತ್ತು ಜೋಡಿ ಹಕ್ಕಿಗಳ ಕೆಳಗೆ ಕೊಳ ಇಟ್ಟರೆ ಏನಾಗುತ್ತದೆ? ನೀರಿನ ತುಂಬ ಹಿಕ್ಕೆ. ಅವನ ಹೆಂಡತಿ ಪೆಟ್ರಾ ದಿನಾ ಜಾಲರಿ ಹಿಡಿದು ಬಳಿಯುತ್ತಿದ್ದಳು. ಜೂನ್ ಹದಿಮೂರಕ್ಕೆ ಮಗಳ ಹುಟ್ಟುಹಬ್ಬ, ಶಾಲೆಯ ಮಕ್ಕಳೆಲ್ಲ ಈಜಲು ಬರುವವರಿದ್ದರು.

ಹನ್ನೆರಡರ ಬೆಳಗ್ಗೆ ನಾನು ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದೆ. ಗರಗಸದ ಸದ್ದು ಕೇಳಿತು, ಹಿಂದೆಯೇ ತಗಡಿನ ಗೋದಾಮು ಕುಸಿದಂಥ ಸದ್ದು. ಹಾಗೇ ಹೊರಗೋಡಿದೆ. ನೀನು ವಾರಕ್ಕೊಮ್ಮೆ ರಾಟೆಯಿಂದ ಮೆಲ್ಲಗೆ ಇಳಿಸಿ, ಮರಿ ಎಣಿಸಿ, ಮತ್ತೆ ಏರಿಸುತ್ತಿದ್ದ ಕಂಬವನ್ನು ಅವನು ಬುಡಕ್ಕೆ ಕೊಯ್ದು ಉರುಳಿಸಿದ್ದ. ಬುರುಡೆಗಳು ಮೊಟ್ಟೆಯ ಹಾಗೆ ಒಡೆದುಹೋಗಿದ್ದವು. ಹುಲ್ಲಿನ ತುಂಬ ಮರಿಗಳು. ಕೆಲವಕ್ಕೆ ಇನ್ನೂ ಗರಿಯಿಲ್ಲ, ಬರೀ ನೀಲಿ ಹೊಟ್ಟೆ, ಹಳದಿ ಬಾಯಿ. ಬಿಸಿಲು ಏರುತ್ತಿತ್ತು.

ಬ್ರೆಂಟ್ ಸಲಿಕೆ ಹಿಡಿದು ಅವನ್ನು ಕಸದ ಚೀಲಕ್ಕೆ ತುಂಬುತ್ತಿದ್ದ. ಸತ್ತದ್ದು, ಬದುಕಿದ್ದು ಎಲ್ಲ ಒಂದೇ ಚೀಲಕ್ಕೆ. ಚೀಲ ಒಳಗಿನಿಂದ ಅಲುಗುತ್ತಿತ್ತು.

"ಏನಯ್ಯಾ ಮಾಡ್ತಿದ್ದೀಯ! ಜೀವ ಇದ್ಯಲ್ಲೋ ಅವಕ್ಕೆ!" ಎಂದು ಕೂಗಿದೆ.

ಅವನು ಸಲಿಕೆ ಬಿಟ್ಟು ನಿಂತ. ಮುಖ ಸುಣ್ಣದ ಹಾಗಾಗಿತ್ತು. "ಮರಿ ಇರಲ್ಲ ಅಂದ್ಕೊಂಡೆ ಸಾರ್. ಇರಲ್ಲ ಅಂದ್ಕೊಂಡಿದ್ದೆ" ಎಂದ. ಅಂದುಕೊಂಡು ಸಲಿಕೆಯಲ್ಲಿ ಬಾಚುವುದೇ? ಹೆಂಡತಿ ಬಾಗಿಲಲ್ಲಿ ನಿಂತು "ಮಗು ಏಳೋಷ್ಟರಲ್ಲಿ ತೆಗೀರಿ, ಅದು ನೋಡಬಾರದು" ಅನ್ನುತ್ತಿದ್ದಳು. ಇಬ್ಬರ ಮೇಲೂ ನನಗೆ ಹೇಸಿಗೆಯಾಯಿತು.

ಆದರೆ ನಾನು ನೋಡಲಾರದೆ ಹೋದದ್ದು ನೆಲದ ಮೇಲಿನದನ್ನಲ್ಲ. ದೊಡ್ಡ ಹಕ್ಕಿಗಳು ಮೇವು ಹಿಡಿದು ಹೊಳೆಯ ಕಡೆಯಿಂದ ಬರುತ್ತಿದ್ದವು. ಕೊಕ್ಕಿನಲ್ಲಿ ಏರೋಪ್ಲೇನ್ ಚಿಟ್ಟೆ. ಹದಿನೈದು ಅಡಿ ಎತ್ತರದಲ್ಲಿ, ಗೂಡಿದ್ದ ಜಾಗಕ್ಕೇ ಸರಿಯಾಗಿ ಬಂದು, ರೆಕ್ಕೆ ಬಡಿಯುತ್ತಾ ನಿಂತು, ಇಳಿಯಲು ಏನೂ ಸಿಗದೆ ಮತ್ತೆ ಸುತ್ತು ಹೊಡೆಯುತ್ತಿದ್ದವು. ಒಂದೂ ಕೂಗಲಿಲ್ಲ. ಬಾಯಿ ತೆರೆದರೆ ಹಿಡಿದದ್ದು ಬಿದ್ದುಹೋಗುತ್ತದಲ್ಲ.

ವಿಲ್ಮಾ ಪಕ್ಷಿ ಸಂಘದ ಜೊಲೀನ್‌ಗೆ ಫೋನ್ ಮಾಡಿದಳು. ಆ ಹೆಂಗಸು ಮೂವತ್ತು ವರ್ಷ ದಾದಿಯಾಗಿದ್ದವಳು. ಬಂದವಳೇ ಚೀಲ ಹರಿದು ಸುರಿದಳು, ಉಸಿರಿದ್ದವನ್ನು ಆರಿಸಿದಳು. ಇಪ್ಪತ್ತಮೂರು ಸಿಕ್ಕವು.

"ಹಾರ್ಲನ್, ನಿನ್ನ ಬುರುಡೆಗಳು ಖಾಲಿ ಇದಾವಲ್ಲ? ಇಳಿಸು, ಬೇಗ!"

"ನನ್ನ ಕಂಬಕ್ಕೆ ಅವು ಯಾವತ್ತೂ ಬಂದಿಲ್ಲ ಜೊಲೀನ್."

"ಮಕ್ಕಳು ಅಲ್ಲಿ ಅಳ್ತಿದ್ರೆ ಬರದೆ ಎಲ್ಲಿಗೆ ಹೋಗ್ತಾವೆ? ಇಳಿಸಯ್ಯಾ!"

ಇಳಿಸಿದೆ. ಒಳಗೆ ಗುಬ್ಬಿಗಳು ತುಂಬಿದ್ದ ಹುಲ್ಲು ಕಿತ್ತು, ದೇವದಾರು ಸೊಪ್ಪು ಹಾಸಿ, ಮರಿಗಳನ್ನು ಹಂಚಿ ಇಟ್ಟು ಮೇಲಕ್ಕೆ ಏರಿಸಿದೆವು. ಎರಡು ಗಂಟೆ ಒಂದೂ ತಿರುಗಿ ನೋಡಲಿಲ್ಲ. ಆಮೇಲೆ ಬೂದು ಎದೆಯ ಒಂದು ಹೆಣ್ಣು ಬಂದು ಬುರುಡೆಯ ಬಾಯಿಗೆ ಜೋತು ಒಳಗೆ ತಲೆ ಹಾಕಿತು. ಜೊಲೀನ್ ನನ್ನ ತೋಳು ಹಿಡಿದುಕೊಂಡು ಅತ್ತುಬಿಟ್ಟಳು. ಸಂಜೆಯ ಹೊತ್ತಿಗೆ ಎಂಟೊಂಬತ್ತು ಹಕ್ಕಿಗಳು ಉಣಿಸುತ್ತಿದ್ದವು. ಹದಿನಾಲ್ಕು ಮರಿ ಜುಲೈನಲ್ಲಿ ಹಾರಿದವು. ಉಳಿದವನ್ನೂ ಚೀಲದಲ್ಲಿದ್ದವನ್ನೂ ನಿನ್ನ ಪೇರು ಮರದ ಕೆಳಗೆ ಹೂತೆ. ನೂರಾ ಮೂವತ್ತರವರೆಗೆ ಎಣಿಸಿ ಬಿಟ್ಟೆ.

ಮರುದಿನ ಜೊಲೀನ್ ಜೊತೆ ವನ್ಯಜೀವಿ ಇಲಾಖೆಯ ಅಧಿಕಾರಿ ಬಂದ. ಮರಿಯಿರುವ ಗೂಡು ಮುಟ್ಟುವುದು ಅಪರಾಧ. "ಯಾರನ್ನಾದ್ರೂ ಕೇಳ್ಕೋಬೇಕಿತ್ತಲ್ಲಪ್ಪಾ?" ಎಂದು ಅವನು ಕೇಳಿದಾಗ ಬ್ರೆಂಟ್ ಬಾಯಿ ತೆರೆದು, ಹಾಗೇ ಮುಚ್ಚಿ, ತಪ್ಪು ನನ್ನದೇ ಎಂದು ರುಜು ಹಾಕಿದ. ಹುಟ್ಟುಹಬ್ಬಕ್ಕೆ ಒಂದು ಮಗುವೂ ಬರಲಿಲ್ಲ. ಉಪಾಹಾರ ಗೃಹದಲ್ಲಿ ಅವನು ಕೂತರೆ ಪಕ್ಕದವರು ತಟ್ಟೆ ಎತ್ತಿಕೊಂಡು ಏಳುತ್ತಿದ್ದರು. ಯಾರೋ ಅವನ ಗಾಡಿಯ ಗಾಜಿಗೆ ಸತ್ತ ಗುಬ್ಬಿ ಅಂಟಿಸಿದರು. ಮಗಳನ್ನು ಶಾಲೆಯಲ್ಲಿ "ಹಕ್ಕಿ ಕೊಂದೋಳು" ಎಂದು ಕರೆದರು. ಅಕ್ಟೋಬರ್‌ನಲ್ಲಿ ಅವರು ಊರು ಬಿಟ್ಟರು. ಹೊರಡುವ ದಿನ ಪೆಟ್ರಾ ಬೇಲಿಯಾಚೆ ನಿಂತು ನನ್ನನ್ನು ಬಹಳ ಹೊತ್ತು ನೋಡಿದಳು. ನಿನ್ನ ಮನೆ ಈಗಲೂ ಖಾಲಿ.

ಇನ್ನು ನನ್ನ ವಿಷಯ. ವಾರಪತ್ರಿಕೆಯಲ್ಲಿ ನನ್ನ ಚಿತ್ರ ಬಂತು, ಅಂಗೈಯಲ್ಲಿ ಮರಿ ಹಿಡಿದದ್ದು. ಪಾದ್ರಿ ನನ್ನ ಹೆಸರು ಹಿಡಿದು ಪ್ರವಚನ ಮಾಡಿದರು. ಈ ವರ್ಷ ಮಾರ್ಚ್ ಮೂರನೇ ವಾರ ವಲಸೆಯಿಂದ ಮೊದಲ ಗಂಡುಹಕ್ಕಿ ಮರಳಿ ಬಂತು. ನಿನ್ನ ಹಿತ್ತಲ ಮೇಲೆ ಒಂದಿಡೀ ಬೆಳಗ್ಗೆ ಸುತ್ತಿ, ಆಮೇಲೆ ನನ್ನ ಕಂಬಕ್ಕೆ ಇಳಿಯಿತು. ಈಗ ಹನ್ನೆರಡು ಜೋಡಿ. ಅವುಗಳಿಗಾಗಿ ನಾನು ಹಾರಲು ಬಯಲಿರಲಿ ಎಂದು ವಿಲ್ಮಾಳ ತಾಯಿ ನೆಟ್ಟ ಮೇಪಲ್ ಮರ ಕಡಿಸಿದ್ದೆ, ನಿನ್ನ ಹಾಗೆಯೇ ಮೊಟ್ಟೆಚಿಪ್ಪು ಪುಡಿಮಾಡಿ ಚೆಲ್ಲಿದ್ದೆ, ಬೆಳಗಾಗುವ ಮುಂಚೆ ಅವುಗಳ ಹಾಡಿನ ಧ್ವನಿಮುದ್ರಿಕೆ ಹಾಕಿ ವಿಲ್ಮಾಳಿಂದ ಬೈಸಿಕೊಂಡಿದ್ದೆ. ಈಗ ಅವು ಕತ್ತಿನ ಮೇಲೆ ಬಿಸಿಲು ಹೊಳೆಯುವ ಹಾಗೆ ಕಡುನೇರಳೆ ಮಿಂಚಿಸುತ್ತಾ ಕೂತು ಗುಳುಗುಳು ಹಾಡುತ್ತವೆ. ನಾನು ಕಿಟಕಿಯ ಪರದೆ ಎಳೆಯುತ್ತೇನೆ. ದಾರಿಹೋಕರು "ಪುಣ್ಯವಂತ ಕಣಯ್ಯಾ ನೀನು" ಅಂದರೆ ಹೋಗಿ ಬಾಯಿ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ದೇವರು ಮೇವಿಸ್‌ಗೆ ಸಲೀಸಾದ ಉಸಿರು ಕೊಡಲಿ. ನಿನಗೆ ತಂಪಾದ ಸಂಜೆಗಳು ಸಿಗಲಿ. ನಿಮ್ಮ ಮೊಮ್ಮಗಳಿಗೆ ನನ್ನ ಹಾರೈಕೆ.

ನಿನ್ನ,
ಹಾರ್ಲನ್

ತಾ.ಕ.: ಕಂಬ ಉರುಳಿಸುವ ಮೂರು ದಿನ ಮುಂಚೆ ಬ್ರೆಂಟ್ ಟೊಪ್ಪಿ ಕೈಯಲ್ಲಿ ಹಿಡಿದು ನನ್ನ ಜಗಲಿಗೆ ಬಂದಿದ್ದ. "ಸಾರ್, ಕ್ಲೀಟಸ್ ಅವ್ರು ಹಕ್ಕಿ ವಿಷಯ ಏನಿದ್ರೂ ನಿಮ್ಮನ್ನ ಕೇಳು ಅಂದಿದ್ರು. ಕಂಬ ಈಗ ತೆಗೀಬಹುದಾ? ಮರಿಗಿರಿ ಇರುತ್ತಾ?" ಎಂದು ಕೇಳಿದ. ದುರ್ಬೀನು ನನ್ನ ತೊಡೆಯ ಮೇಲೇ ಇತ್ತು. ಯಾವ ಗೂಡಿಗೆ ಎಷ್ಟು ಸಲ ಮೇವು ಹೋಗುತ್ತದೆಂದು ಅವತ್ತೂ ಎಣಿಸಿದ್ದೆ. "ಮರಿ ಎಲ್ಲ ಹಾರಿಹೋದ್ವಪ್ಪಾ. ಈಗ ಇರೋವು ಸುಮ್ನೆ ಹೊತ್ತು ಕಳೀತಿರೋ ಹಕ್ಕಿಗಳು. ಬುಡಕ್ಕೇ ಕೊಯ್ದುಬಿಡು" ಎಂದೆ. ನಿನ್ನ ಕಂಬ ಇರುವವರೆಗೆ ಅವು ನನ್ನ ಕಡೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅಧಿಕಾರಿಯ ಮುಂದೆ ಬಾಯಿ ತೆರೆದಾಗ ಬ್ರೆಂಟ್ ನನ್ನನ್ನು ನೋಡಿದ, ನಾನೇ ಹೇಳುತ್ತೇನೆಂದು ಕಾದ. ನಾನು ಜೊಲೀನ್‌ಗೆ ಕಾಫಿ ಬಗ್ಗಿಸುತ್ತಾ ನಿಂತೆ. ವಿಲ್ಮಾಗೆ ಇದು ಗೊತ್ತಿಲ್ಲ. ಈ ಪತ್ರವನ್ನು ಅಂಚೆಗೆ ಹಾಕು ಎಂದು ಅವಳ ಕೈಗೇ ಕೊಡುತ್ತಿದ್ದೇನೆ. ಲಕೋಟೆ ಅಂಟಿಸಿಲ್ಲ.