ನಲವತ್ತು ಕೊರಮೀನು, ಒಂದೇ ತಾಯಿ

ಜುಲೈ 8, ಮಂಗಳವಾರ

ಮತ್ತೆ ಫ್ರೀಜರ್ ಡ್ಯೂಟಿ. ಲೇಬಲ್ ಹಚ್ಚಿ ಹಚ್ಚಿ ಬೆರಳು ಮರಗಟ್ಟಿದೆ. ಬಸವಕಿರಣ ಬಂದ, ನನ್ನ ಮೇಜಿನ ಮೇಲೆ ಕೂತ, ಟೀ ಕುಡಿದ, ಹೋದ. ಪಿಎಚ್‌ಡಿ ಅವನದು, ಟ್ಯೂಬ್ ತೊಳೆಯುವುದು ನಾನು. ಪ್ರಾಜೆಕ್ಟ್ ಅಸಿಸ್ಟೆಂಟ್ ಎಂದರೆ ಅಷ್ಟೇ. ಕಪ್ಪನ್ನೂ ಇಲ್ಲೇ ಬಿಟ್ಟಿದ್ದಾನೆ. ತೊಳೆಯುವುದಿಲ್ಲ. ಇರುವೆ ಮುತ್ತಲಿ.

ಕೋಗಿಲು ಆಚೆಯ ಕೆರೆಯ ಕೊರಮೀನಿನ ಬಗ್ಗೆ ಬಸವಕಿರಣ ಬರೆದ ವರದಿ ಇಲಾಖೆಗೆ ಹೋಯಿತಂತೆ. ಹಿಡಿದೂ ಹಿಡಿದೂ ತಳಿ ಬಡವಾಗಿದೆ, ಉಳಿದವೆಲ್ಲ ಒಂದೇ ಥರ, ಒಂದು ರೋಗ ಬಂದರೆ ಒಟ್ಟಿಗೆ ಸಾಯುತ್ತವೆ, ಹೊರಗಿನ ಹ್ಯಾಚರಿಯ ಮರಿ ತಂದು ಬಿಡಿ... ಇದು ಸಾರಾಂಶ. ನಮ್ಮ ಮುಖ್ಯಸ್ಥ ಸಿದ್ರಾಮಪ್ಪ ಸರ್ ಲ್ಯಾಬಿಗೆಲ್ಲ ಸ್ವೀಟ್ ಹಂಚಿಸಿದರು. ನನ್ನವರೆಗೆ ಬರುವಷ್ಟರಲ್ಲಿ ಡಬ್ಬಿ ಖಾಲಿ.

ಜುಲೈ 10

ಪೋಸ್ಟರ್‌ಗೆ ಗ್ರಾಫ್ ಬೇಕೆಂದು ಬಸವಕಿರಣ ತನ್ನ ಡೇಟಾ ಕೊಟ್ಟ. ನಲವತ್ತು ಮೀನು. ಯಾವ ಡಿಎನ್‌ಎ ಗುರುತು ನೋಡಿದರೂ ನಾಲ್ಕಕ್ಕಿಂತ ಹೆಚ್ಚು ಬಗೆ ಇಲ್ಲ. ಅಪ್ಪನಿಂದ ಎರಡು, ಅಮ್ಮನಿಂದ ಎರಡು. ಇದು ಕೆರೆಯಲ್ಲ, ಒಂದು ಸಂಸಾರ.

ಎಲ್ಲಿ ಹಿಡಿದದ್ದು ಎಂದು ಕೇಳಿದೆ.

"ಏರಿ ಹತ್ರಾನ ಸಿಕ್ಕವ್ರಿ. ಕೆಂಪನ್ನ ಮರಿ, ಗುಂಪಾಗಿ ತೇಲ್ತಿದ್ವು. ಒಂದ ಸಲ ಬಲಿ ಬೀಸ್ದೆ."

ಕೊರಮೀನು ಮರಿ ಕಾಯುವ ಜಾತಿ. ಮರಿಗಳು ಮೇಲೆ ಕೆಂಪಗೆ ಒತ್ತೊತ್ತಾಗಿ, ತಾಯಿ ತಂದೆ ಕೆಳಗೆ ಕಾವಲು. ಒಂದು ಗುಂಪು ಎಂದರೆ ಒಂದೇ ಹೊಟ್ಟೆಯವು. ಮೀನು ತಿನ್ನದ ಮನೆಯವನು, ಗೊತ್ತಿಲ್ಲದ್ದು ತಪ್ಪಲ್ಲ. ಶೂ ಒದ್ದೆಯಾಗಬಾರದೆಂದು ಏರಿಯ ಮೇಲೇ ನಿಂತದ್ದು ತಪ್ಪು. ಒಡಹುಟ್ಟಿದವರನ್ನು ಹಿಡಿದು ತಂದು, ಊರಿನವರೆಲ್ಲ ಒಂದೇ ಥರ ಇದ್ದಾರೆ ಎಂದು ಬರೆದಿದ್ದಾನೆ.

"ಅನ್ನ ಬೆಂದದ್ದು ನೋಡಾಕ ಒಂದ್ ಅಗಳು ಸಾಕಲ್ರಿ," ಎಂದ.

ಕೆರೆ ಕುಕ್ಕರ್ ಅಲ್ಲ ಎಂದೆ. ನಕ್ಕ. ಆ ನಗು ಕಂಡರೆ ನನಗೆ ಮೈ ಉರಿಯುತ್ತದೆ.

ಜುಲೈ 11

ಸರ್‌ಗೆ ಹೇಳಿದೆ. ಕನ್ನಡಕ ತೆಗೆದರು, ಒರೆಸಿದರು.

"ನೋಡವಾ ಗಜಾಲಾ, ವರದಿ ಹೋಗ್ಯಾದ. ಈಗ ತಪ್ಪು ಅಂದ್ರ ಲ್ಯಾಬಿನ ಮರ್ಯಾದಿ ಏನಾಗ್ತದ? ನಿನ್ನ ನೌಕರಿ ಎಕ್ಸ್‌ಟೆನ್ಷನ್ ಫೈಲೂ ನನ್ನ ಟೇಬಲ್ ಮ್ಯಾಲ ಅದ."

ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ದೊಡ್ಡ ಮನುಷ್ಯರು.

ಆರ್.ಟಿ. ನಗರದ ಮನೆಯಲ್ಲೂ ಅದೇ ಪಾಠ. "ನೌಕ್ರಿ ಛೋಡ್ಕೋ ಕ್ಯಾ ಕರ್ತೀ?" ಅಮ್ಮಿ ರೊಟ್ಟಿ ಲಟ್ಟಿಸುತ್ತಲೇ ಕೇಳಿದರು. ಕೆಲಸ ಬಿಡುತ್ತೇನೆ ಎಂದು ನಾನೆಲ್ಲಿ ಹೇಳಿದೆ? ಎಲ್ಲರೂ ಸೇರಿ ನನ್ನ ಬಾಯಿಗೆ ಬೀಗ ಹುಡುಕುತ್ತಿದ್ದಾರೆ.

ಜುಲೈ 20, ಭಾನುವಾರ

ಕೆರೆಗೆ ಹೋದೆ. ಬೇರೆ ಬೇರೆ ಕಡೆ ಹಿಡಿದ ದೊಡ್ಡ ಮೀನು ಬೇಕು, ಡಿಎನ್‌ಎಗೆ ರೆಕ್ಕೆಯ ಚೂರು ಸಾಕು. ಮೀನುಗಾರರ ಸಂಘದ ಮುನಿರಾಜು ದಾರಿಯಲ್ಲೇ ಅಡ್ಡ ನಿಂತ.

"ಇನ್ನೂ ಏನಮ್ಮ ಕತ್ತರ್ಸಕ್ ಬಂದಿದೀಯ? ನಮ್ ಮೀನು ಕೆಟ್ಟ ತಳಿ ಅಂತ ಬರ್ದೋರು ನೀವೇ ಅಲ್ವಾ. ಓಗು, ಓಗು."

ಬರೆದದ್ದು ನಾನಲ್ಲ ಎಂದೆ. ನಾಯಿ ಓಡಿಸುವ ಹಾಗೆ ಕೈ ಬೀಸಿದ. ಅವನ ಹೆಂಡತಿ ರಾಮಲಕ್ಷ್ಮಮ್ಮ ಏರಿಯ ತುದಿಯಲ್ಲಿ ಮೀನು ಹೆಚ್ಚಿಕೊಡುತ್ತಿದ್ದಳು. ರೆಕ್ಕೆಯೆಲ್ಲ ಬಕೆಟ್ಟಿಗೆ, ಬಕೆಟ್ಟು ಬೆಕ್ಕಿಗೆ.

"ಬೇಕಾರೆ ಅದ್ನ ಆಯ್ಕೋ," ಎಂದಳು, ತಲೆ ಎತ್ತದೆ. ಅದೂ ಬೈಗುಳದ ಹಾಗೇ ಕೇಳಿತು. ಬಕೆಟ್ಟಿಗೆ ಕೈ ಹಾಕಲಿಲ್ಲ, ಅಲ್ಲಿ ಎಲ್ಲ ಕಲಸಿಹೋಗಿತ್ತು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಅವಳು ಕತ್ತರಿಸಿದ ಹಾಗೆ ಒಂದೊಂದು ಮೀನಿನದು ಒಂದೊಂದು ಟ್ಯೂಬಿಗೆ.

ಆಗಸ್ಟ್ 10, ಭಾನುವಾರ

ಆಮೇಲಿನ ಮೂರು ಭಾನುವಾರವೂ ಹೋದೆ. ಮುನಿರಾಜು ನನ್ನನ್ನು ಕಂಡರೆ ಬೆನ್ನು ತಿರುಗಿಸುತ್ತಿದ್ದ.

ಆಗಸ್ಟ್ 25

ಭಾನುವಾರಗಳ ಟ್ಯೂಬಿನ ರಿಸಲ್ಟ್ ಬಂತು. ಒಂದೊಂದು ಗುರುತಿನಲ್ಲೂ ಹತ್ತು, ಹನ್ನೆರಡು ಬಗೆ. ಇಷ್ಟು ಹಿಡಿದರೂ ಕೆರೆ ತನ್ನ ತಳಿ ಉಳಿಸಿಕೊಂಡಿದೆ. ಖುಷಿಯಾಗಬೇಕಿತ್ತು. ಆದದ್ದು ಸಿಟ್ಟು. ಹೊರಗಿನ ಮರಿ ಲಕ್ಷಗಟ್ಟಲೆ ಬಿದ್ದರೆ ಇವುಗಳ ಜೊತೆ ಬೆರೆಯುತ್ತವೆ. ಹಾಲಿಗೆ ನೀರು ಹಾಕಿದ ಮೇಲೆ ಸೋಸಲು ಆಗುವುದಿಲ್ಲ.

ಪ್ರಿಂಟ್ ತೆಗೆದು ಸರ್ ಮುಂದೆ ಇಟ್ಟೆ. ಅದರ ಮೇಲೆ ಟೀ ಲೋಟ ಇಟ್ಟರು.

"ಶುಕ್ರವಾರ ಲಾರಿ ಬರ್ತದ. ಲ್ಯಾಬ್‌ನವ್ರು ಒಬ್ರು ನಿಂತು ಹೂಂ ಅಂದಮ್ಯಾಲ ಮರಿ ಬಿಡೋದು. ನೀನ ಹೋಗು. ಆ ಮಂದಿ ಜೋಡಿ ನಿಂದು ಚೊಲೋ ಅದ ಅಂತಲ್ಲ."

ಬಸವಕಿರಣನಿಗೆ ಅವತ್ತೇ ಜ್ವರ ಬರುತ್ತದಂತೆ. ಮುನಿರಾಜುವಿನ ಭಯಕ್ಕೆ ಬರುವ ಜ್ವರ.

ಆಗಸ್ಟ್ 29, ಶುಕ್ರವಾರ, ಬೆಳಿಗ್ಗೆ 11

ಜೀಪಿನಲ್ಲಿ ಕೂತು ಬರೆಯುತ್ತಿದ್ದೇನೆ. ಏರಿಯ ಮೇಲೆ ಲಾರಿ. ಅದರ ಮುಂದೆ ಮುನಿರಾಜುವಿನ ಕಡೆಯವರು ಬಲೆ ಹಾಸಿ ಕೂತಿದ್ದಾರೆ. ಪೊಲೀಸರು ಬರುತ್ತಿದ್ದಾರೆ ಎಂದು ಸರ್ ಫೋನ್ ಮಾಡಿದರು. ಬಂದು ಅವರನ್ನು ಎಬ್ಬಿಸಿದರೂ ಬಿಡುವುದಕ್ಕೆ ನನ್ನ ಹೂಂ ಬೇಕು.

ಡ್ರೈವರ್ ಗಾಜು ಬಡಿದ. "ಮೇಡಂ, ಬೆಳಗ್ಗೆಯಿಂದ ಮರಿ ಬಿಸ್ಲಲ್ಲವೆ. ಸಾಯ್ತಾವೆ. ಏನೋ ಒಂದ್ ಏಳ್ಬಿಡಿ."

ಇಳಿದು ನೋಡಿ ಬಂದೆ. ಬೆರಳುದ್ದದ ಮರಿಗಳು, ಚೀಲದ ತುಂಬ. ಇವು ಯಾರಿಗೂ ಏನೂ ಮಾಡಿಲ್ಲ. ವಾಪಸ್ ಎಂದರೆ ಅರ್ಧ ದಾರಿಯಲ್ಲೇ ಮುಗಿಯುತ್ತವೆ. ಆ ಪಾಪ ನನ್ನ ತಲೆಗೆ, ಕೆಲಸವೂ ಹೋಗುತ್ತದೆ. ನಗುವುದು ಮಾತ್ರ ಬಸವಕಿರಣ.

ಮುನಿರಾಜು ಜೀಪಿನ ಹತ್ತಿರ ಬಂದು ನಿಂತಿದ್ದಾನೆ. ಬೈಯಲಿಲ್ಲ. "ನಿನ್ ಬಾಯಲ್ಲಿ ಏನ್ ಬತ್ತದೋ ಅದೇ ಆಗ್ಲಿ," ಎಂದ. ಬೈದಿದ್ದರೆ ಸುಲಭವಿತ್ತು.

ಸರ್ ಮತ್ತೆ ಕರೆ ಮಾಡುತ್ತಿದ್ದಾರೆ. ಎತ್ತುವುದಿಲ್ಲ. ಬೇಡ ಎನ್ನಲು ಇಳಿಯುತ್ತಿದ್ದೇನೆ. ಕೊರಮೀನು ಹಸಿದರೆ ತಮ್ಮವನ್ನೇ ತಿನ್ನುತ್ತವೆ ಎಂದು ಓದಿದ್ದೆ. ಆಗ ಇಳಿದಾಗ ಕಣ್ಣಾರೆ ನೋಡಿದೆ. ಮೇಲಿನ ಚೀಲದಲ್ಲಿ ಒಂದರ ಬಾಯಿಂದ ಇನ್ನೊಂದರ ಬಾಲ ಹೊರಗೆ, ಇನ್ನೂ ಆಡುತ್ತಿತ್ತು.