ಮಳೆಗೂ ಕೂಡದ ಬಿರುಕು

ಕುರುಗೋಡು,
14 ಸೆಪ್ಟೆಂಬರ್ 2024, ಶನಿವಾರ

ನಮ್ಮ ಗಂಗೋತ್ರಿಯ ಅಪ್ಪನವರಿಗೆ ಶರಣು,

ಹೇಗಿದ್ದೀರಿ? ಆ ಬೆಟ್ಟದ ಚಳಿಗೆ ನಿಮ್ಮ ಮೊಣಕಾಲು ನೋವು ಹೆಚ್ಚಾಗಿದೆಯೋ ಏನೋ, ಕೇಳಿದರೆ ನಿಜ ಹೇಳುವವರಲ್ಲ ನೀವು. ಹೋದ ಸಲ ಕಳಿಸಿದ ಶೇಂಗಾ ಚಟ್ನಿಪುಡಿ ಒಬ್ಬರೇ ತಿನ್ನಿರಿ, ಇಡೀ ಪಲ್ಟನ್ನಿಗೆ ಹಂಚಬೇಡಿ. ಅತ್ತೆಯವರು ಆರಾಮಾಗಿದ್ದಾರೆ. ಫೋನ್ ಇರುವಾಗ ಕಾಗದ ಯಾಕೆ ಬಂತು ಅಂತ ಹುಬ್ಬು ಏರಿಸಿರುತ್ತೀರಿ. ನೀವು ಫೋನ್ ಮಾಡಿದಾಗಲೆಲ್ಲ ಅತ್ತೆಯವರು ಪಕ್ಕದಲ್ಲೇ ಕೂತಿರುತ್ತಾರೆ, ನಾನು ಹೇಳಬೇಕಾದ ವಿಷಯ ಅವರ ಕಿರಿಮಗನದು. ಅದಕ್ಕೆ ಈ ಕಾಗದ.

ನಮ್ಮ ಮಗಳು ಗಂಗೋತ್ರಿ ಇರುವ ಸಿರುಗುಪ್ಪದ ಹಾಸ್ಟೆಲಿನ ಕಟ್ಟಡದ ಕಂಟ್ರಾಕ್ಟು ನಿಮ್ಮ ತಮ್ಮ ದೊಡ್ಡಬಸವರಾಜನಿಗೆ ಸಿಕ್ಕಿದ್ದು ನಿಮಗೆ ಗೊತ್ತೇ ಇದೆ. ಕೆಲಸ ಮುಗಿಯಿತು, ಹಬ್ಬಕ್ಕೆ ಮುಂಚೆ ನೋಡಿಬಂದೆ. ಚೆಂದ ಮಾಡಿಲ್ಲ ಅಂದರೆ ನನ್ನ ನಾಲಿಗೆಗೆ ಪಾಪ ತಟ್ಟೀತು. ಹೊಸ ಬಚ್ಚಲು, ಕಿಟಕಿಗೆಲ್ಲ ಸೊಳ್ಳೆ ಜಾಳಿಗೆ, ಗಿಳಿಹಸಿರು ಬಣ್ಣ. ಹುಡುಗಿಯರಿಗಂತೂ ಹಿಗ್ಗೋ ಹಿಗ್ಗು. ಹಳೆಯ ಮಲಗುವ ಕೋಣೆಯ ಮೇಲೆ ಹೊಸ ಮಹಡಿ ಎದ್ದಿದೆ. ಅಲ್ಲಿಗೇ ನನ್ನ ಕಣ್ಣು ಹೋಯಿತು. ಕೆಳಗಿನದು ಕಲ್ಲು, ಮಣ್ಣು ಸೇರಿಸಿ ಕಟ್ಟಿದ ಅಜ್ಜನ ಕಾಲದ ಗೋಡೆ. ಪಿಲ್ಲರ್ ಎಲ್ಲಿ ಅಂತ ಸುತ್ತಲೂ ಹುಡುಕಿದೆ, ಒಂದೂ ಕಾಣಲಿಲ್ಲ. ಕೇಳಿದ್ದಕ್ಕೆ ನಿಮ್ಮ ತಮ್ಮ ನಕ್ಕು, "ಹಳೇ ಗ್ವಾಡಿ ಅತ್ತಿಗೆಮ್ಮಾ, ಮ್ಯಾಲ ಆನಿ ನಿಂತ್ರೂ ತಡಕೊಂತಾವ" ಅಂದ. ಬರುವಾಗ ನನಗೊಂದು ಇಳಕಲ್ ಸೀರೆ ಬೇರೆ ಕೊಟ್ಟ. ಇಷ್ಟು ವರ್ಷ ಒಂದು ರವಿಕೆ ಕಣ ಕೊಡದವನು ಈಗ ಸೀರೆ ಯಾಕೆ ಕೊಟ್ಟ, ನೀವೇ ಹೇಳಿ.

ನೀವು ನಗುತ್ತಿದ್ದೀರಿ, ಗೊತ್ತು. "ನಿನಗ ಎಲ್ಲಾದ್ರಾಗೂ ಅನುಮಾನ ಐತಿ ನೋಡು" ಅಂತ ಅನ್ನುತ್ತೀರಿ. ಹಾಲಿನವನ ವಿಷಯದಲ್ಲಿ ನಾನು ಸುಮ್ಮನೆ ಜಗಳ ತೆಗೆದದ್ದು ನಿಜ, ಆಯಿತಾ? ಆದರೆ ಇದನ್ನು ಕೇಳಿ. ಗಂಗೋತ್ರಿಗೆ ಕಿಟಕಿ ಪಕ್ಕದ ಮಂಚ ಕೊಡಿಸಿದ್ದಾನೆ, ನಮ್ಮ ಮನೆ ಹುಡುಗಿ ಅಂತ. ಆ ಮಂಚದ ತಲೆದೆಸೆಯ ಗೋಡೆಗೆ ಒಂದು ಕಬ್ಬಿಣದ ಬೀರು ಒರಗಿಸಿದ್ದಾರೆ, ಒಳಗೆ ಒಂದು ಬಟ್ಟೆಯೂ ಇಲ್ಲ. ಖಾಲಿ ಬೀರು ಇಲ್ಯಾಕೆ ಅಂತ ನಾನೂ ಗಂಗೋತ್ರಿಯೂ ಸೇರಿ ಸರಿಸಿದೆವು. ಹಿಂದೆ ಬಿರುಕು. ಮೇಲೆ ಹೊಸ ಮಹಡಿ ಕೂತಿರುವಲ್ಲಿಂದ ಶುರುವಾಗಿ ಕಿಟಕಿಯ ಮೂಲೆಗೆ ಇಳಿದಿದೆ. ಅದನ್ನು ಮುಚ್ಚಲು ಮೆತ್ತಿದ್ದ ಹೊಸ ಪುಟ್ಟಿಯೂ ಸೀಳಿದೆ. ನನ್ನ ಕಿರುಬೆರಳು ಒಳಗೆ ಹೋಯಿತು.

ಹಾಸ್ಟೆಲ್ ನೋಡಿಕೊಳ್ಳುವ ಜಂಬಮ್ಮನನ್ನು ಕರೆದು ತೋರಿಸಿದೆ. ಆಕೆ, "ನಮ್ದು ಕರೇ ಎರಿ ನೆಲ ಅಲ್ಲೇನ್ರೀ, ಬ್ಯಾಸಿಗ್ಯಾಗ ಬಿಡ್ತೈತಿ, ಮಳಿ ಬಿದ್ರ ಕೂಡ್ತೈತಿ" ಅಂದಳು. ನಮ್ಮ ಕಡೆ ಯಾವ ಗೋಡೆ ಸೀಳಿದರೂ ಎಲ್ಲರ ಬಾಯಲ್ಲಿ ಇದೇ ಮಾತು, ನಾನೂ ಎಷ್ಟು ಸಲ ಅಂದಿಲ್ಲ! ಹೂಂ ಅಂತ ಬಸ್ ಹತ್ತಿದೆ. ಮನೆಗೆ ಬಂದು ಒಲೆ ಹಚ್ಚುವಾಗ ನಮ್ಮ ಅಡುಗೆಮನೆಯ ಬಿರುಕು ಕಣ್ಣಿಗೆ ಬಿತ್ತು. ನೆಲದಿಂದ ಮೇಲಕ್ಕೆ ಹೋಗಿರುವ ಅದು ಬೇಸಿಗೆಯಲ್ಲಿ ಬೆರಳು ಹಿಡಿಸುವಷ್ಟಿತ್ತು. ಈ ಸಲದ ಮಳೆಗೆ ಕೂಡಿ ಕೂದಲೆಳೆಯಷ್ಟಾಗಿದೆ. ಎಲ್ಲ ಬಿರುಕೂ ಕೂಡುವ ಕಾಲದಲ್ಲಿ ಹಾಸ್ಟೆಲಿನ ಆ ಬಿರುಕು ಮಾತ್ರ ಹೊಸ ಪುಟ್ಟಿಯನ್ನೂ ಸೀಳಿ ಯಾಕೆ ಅಗಲವಾಗುತ್ತಿದೆ? ಅದು ನೆಲದ ಬಿರುಕಲ್ಲ ರೀ, ಮೇಲಿನ ಭಾರದ್ದು.

ನಿಮ್ಮ ತಮ್ಮನದು ಇನ್ನೊಂದಿದೆ. ಗಂಗೋತ್ರಿಯ ಕೋಣೆಯಲ್ಲೇ ಇದ್ದ ತನ್ನ ಮಗಳು ಅಕ್ಷತಾಳನ್ನು, ಮಹಡಿ ಎದ್ದ ಮೇಲೆ, ಬಳ್ಳಾರಿ ಕಂಟೋನ್ಮೆಂಟಿನ ತನ್ನ ಮನೆಗೆ ಕರೆದುಕೊಂಡು ಹೋಗಿದ್ದಾನೆ. ಹತ್ತನೇ ಕ್ಲಾಸು, ಟ್ಯೂಷನ್ ಬೇಕು ಅಂದ. ಗಣೇಶನ ಹಬ್ಬಕ್ಕೆ ಬಂದಾಗ ಹುಡುಗಿಗೆ ಕಡುಬು ಬಡಿಸುತ್ತಾ ಮೆಲ್ಲಗೆ ಕೇಳಿದೆ. "ಟ್ಯೂಷನ್ ಇಲ್ಲ ಏನಿಲ್ಲ ದೊಡ್ಡಮ್ಮಾ, ನಮ್ಮಪ್ಪ ಹಾಸ್ಟೆಲ್ ಬ್ಯಾಡ ಅಂದ" ಅಂದುಬಿಟ್ಟಿತು ಕೂಸು. ಅಂದಿನಿಂದ ನನಗೆ ಅನ್ನ ಸೇರುತ್ತಿಲ್ಲ.

ಅತ್ತೆಯವರಿಗೆ ಹೇಳಿ ನೋಡಿದೆ. "ಮನಿ ಮಗನ ಮ್ಯಾಲ ಅನುಮಾನ ಪಡ್ತೀಯೇನವಾ, ಕಂಟ್ರಾಕ್ಟರನ ಅಣ್ಣನ ಮಗಳೇ ಹಾಸ್ಟೆಲ್ ಬಿಟ್ಲು ಅಂದ್ರ ಊರು ಏನನ್ನತೈತಿ" ಅಂದರು. ಮನೆ ಮಾತು ಹೊರಗೆ ಹೋಗಬಾರದು ಅನ್ನುವವರು ನೀವೂ. ಅದಕ್ಕೇ ಕೇಳುತ್ತಿದ್ದೇನೆ. ನೀವು ಹೂಂ ಅಂದರೆ ಸಾಕು, ಯಾರ ಹತ್ತಿರವೂ ಬಾಯಿ ಬಿಡದೆ ಗಂಗೋತ್ರಿಯನ್ನು ಕರೆತರುತ್ತೇನೆ. ನನಗೆ ನನ್ನ ಮಗಳು ಬೇಕು, ಅಷ್ಟೇ.

ಮೈಮೇಲೆ ನಿಗಾ ಇರಲಿ. ಬಸವಣ್ಣ ನಿಮ್ಮನ್ನು ಕಾಯಲಿ.

ನಿಮ್ಮ
ಚನ್ನವೀರಮ್ಮ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು. ನಿಮ್ಮ ತಮ್ಮನೇ ಗಂಗೋತ್ರಿಯನ್ನು ಟ್ರಂಕಿನ ಸಮೇತ ಇಳಿಸಿದ. "ಬಣ್ಣದ ವಾಸನಿಗೆ ಕೂಸಿಗೆ ಕೆಮ್ಮು ಬಂದೈತಿ, ನಾಕು ದಿನ ಮನ್ಯಾಗ ಇರ್ಲಿ" ಅಂದ. ಕೂಸು ಒಂದು ಸಲವೂ ಕೆಮ್ಮಲಿಲ್ಲ. ಅವಳನ್ನು ತಬ್ಬಿಕೊಂಡಾಗ ಹೋದ ಜೀವ ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ, ಉಳಿದ ಹುಡುಗಿಯರ ಗತಿ ಏನು ಅಂತ ಕೇಳಿದೆ. "ಅವರಿಗೆ ಅವರವ್ವ ಅಪ್ಪ ಅದಾರಲ್ಲ ಅತ್ತಿಗೆಮ್ಮಾ" ಅಂದ. ನನ್ನ ಮುಖ ನೋಡಲಿಲ್ಲ, ಚಹಾನೂ ಕುಡಿಯಲಿಲ್ಲ. ಗಂಗೋತ್ರಿ ಹೇಳುತ್ತಾಳೆ, ಅವಳ ಮಂಚವನ್ನು ಕೆಂಚನಗುಡ್ಡದ ಒಂದು ಸಣ್ಣ ಹುಡುಗಿಗೆ ಕೊಟ್ಟರಂತೆ, ಕಿಟಕಿ ಸಿಕ್ಕಿತು ಅಂತ ಅದು ಕುಣಿದಾಡಿತಂತೆ. ಜಂಬಮ್ಮನಿಗೆ ಫೋನ್ ಹಚ್ಚಿದೆ, ಮತ್ತೆ ಅದೇ ಎರೆ ನೆಲದ ಮಾತು. ಸಿರುಗುಪ್ಪದ ಬಸ್ಸಿಗೆ ಹೊರಟಿದ್ದೇನೆ. ಇವತ್ತು ಆ ಕೋಣೆಯಲ್ಲಿ ಯಾರೂ ಮಲಗಬಾರದು. ಯಾಕೆ ಅಂತ ಕೇಳಿದವರಿಗೆಲ್ಲ ನಿಮ್ಮ ತಮ್ಮನ ಹೆಸರು ಹಿಡಿದೇ ಹೇಳುತ್ತೇನೆ. ನಿಮ್ಮ ಒಪ್ಪಿಗೆ ಕೇಳಲು ಶುರುಮಾಡಿದ ಕಾಗದ ಇದು. ಈಗ ಕೇಳುತ್ತಿಲ್ಲ.